ಬ್ಯಾಕಪ್ ಅಂದ್ರ ಯುಪಿಎಸ್ ಅಂತ ತಿಳಿದ್ರು: ಸ್ಟೋರೇಜು, ಲೈನು, ಸರ್ವರಿಗೆ ನಾವು ಏನನ್ನಬೇಕು?

ರಾಯಚೂರು ಸಿಸ್ಟಮ್
ಎಲ್ಲರಿಗೂ ನಮಸ್ಕಾರ. ಒಂದು ಸಹಕಾರಿ ಬ್ಯಾಂಕಿನ್ಯಾಗ ಸಿಸ್ಟಮ್ ಕೆಲಸ ನೋಡ್ಕೋತೀನಿ. ಹೆಡ್ ಆಫೀಸು ರಾಯಚೂರಾಗ, ಶಾಖೆಗಳು ಸಿಂಧನೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆ ಅದಾವ. ಸರ್ವರ್ ರೂಮಿನ ಬಾಗಿಲಿಗೆ ಹಚ್ಚಲಿಕ್ಕೆ ಕನ್ನಡದಾಗ ಒಂದು ಹಾಳಿ ಬರೀಬೇಕಂತ ಕುಂತೀನಿ. ಯಾಕಂತ ಹೇಳ್ತೀನಿ, ಸ್ವಲ್ಪ ಉದ್ದ ಅದ, ತಾಳ್ಮಿಲೇ ಓದ್ರಿ.

ನಮ್ಮದು ನಾಲ್ಕು ಡಿಸ್ಕಿನ ರೈಡ್ 5, ಅಂದ್ರ ಒಂದು ಡಿಸ್ಕು ಕೆಟ್ರೂ ಡೇಟಾ ಉಳಿಯೋಹಂಗ ಜೋಡಿಸಿದ್ದು. ಹೋದ ತಿಂಗಳು ಒಂದು ಡಿಸ್ಕು ಕೆಟ್ಟಿತು. ನಾನು ಲಿಂಗಸುಗೂರು ಶಾಖೆಯಾಗ ಇದ್ದೆ. ಅಲ್ಲಿಂದಲೇ ನೋಡಿದೆ, ಡಿಸ್ಕುಗಳನ್ನ ನಡಸೋ ಕಂಟ್ರೋಲರು "ಸ್ಲಾಟ್ 2" ಅಂತ ತೋರಸ್ತಿತ್ತು. ಫೋನ್ ಹಚ್ಚಿ ಅಲ್ಲಿದ್ದ ಹುಡುಗನಿಗೆ "ಎರಡನೇ ಡಿಸ್ಕು ತಗಿ, ಹೊಸಾದು ಹಾಕು" ಅಂದೆ. ಅವ ಎಡಗಡಿಂದ ಒಂದು, ಎರಡು ಅಂತ ಎಣಿಸಿ ಎಳದ. ಆದ್ರ ಸ್ಲಾಟು ಸೊನ್ನೆಯಿಂದ ಶುರು ಆಗ್ತಾವ. ಅವ ಎಳದದ್ದು ಸ್ಲಾಟ್ 1, ಚಲೋ ಇದ್ದ ಡಿಸ್ಕು. ರೈಡ್ 5ರಾಗ ಒಂದು ಹೋದ್ರ ತಡೀತದ, ಎರಡು ಹೋದ್ರ ಇಲ್ಲ. ಎಲ್ಲಾ ಶಾಖೆ ಒಮ್ಮೆಲೆ ನಿಂತವು.

ಮ್ಯಾನೇಜರಿಗೆ ಫೋನ್ ಹಚ್ಚಿ "ಬ್ಯಾಕಪ್ ಅದ ಹೌದಲ್ರಿ?" ಅಂತ ಕೇಳಿದೆ. "ಅದ, ಎರಡು ತಾಸು ಬರ್ತದ" ಅಂದ್ರು. ಅವರು ಹೇಳಿದ್ದು ಯುಪಿಎಸ್ಸಿನ ಬ್ಯಾಟರಿ.

ಎಳದ ಡಿಸ್ಕು ತಿರುಗಿ ಹಾಕಿ, ಕಂಪನಿಯವರು ಬಂದು ಅದನ್ನ ಎಬ್ಬಿಸಿದ್ರು. ಎರಡು ದಿನ ಹೋಯ್ತು, ಒಂದು ದಿನದ ವೋಚರೆಲ್ಲಾ ಕೈಲೇ ಮತ್ತ ಹೊಡೆದ್ವಿ. ಹುಡುಗನ ತಪ್ಪು ಇದರಾಗ ಏನೂ ಇಲ್ಲ. ನಾನು ಆಡಿದ ಮಾತು ತಪ್ಪು. ಅದಕ್ಕ ಕೇಳ್ತೀನಿ: ಸ್ಟೋರೇಜ್, ಸ್ಯಾನ್, ನ್ಯಾಸ್, ಲನ್, ಬ್ಯಾಕಪ್, ರೆಪ್ಲಿಕೇಷನ್, ಲೀಸ್ಡ್ ಲೈನ್ (ನಮಗಷ್ಟೇ ಅಂತ ಬಾಡಿಗಿಗೆ ತಗೊಂಡ ಲೈನು), ಬ್ಯಾಂಡ್‌ವಿಡ್ತ್, ಲೇಟೆನ್ಸಿ, ಇವನ್ನೆಲ್ಲಾ ನಮ್ಮ ಮಂದಿಗೆ ತಿಳಿಯೋಹಂಗ ಏನಂತ ಬರೀಲಿ?

ಪಾಲಿಟೆಕ್ನಿಕ್ ಮೇಷ್ಟ್ರು
ಒಳ್ಳೆಯ ಪ್ರಶ್ನೆ. ಪಠ್ಯಗಳಲ್ಲಿ ಆಗಲೇ ಪದಗಳಿವೆ. ವ್ಯಾನ್‌ಗೆ ವಿಶಾಲ ವ್ಯಾಪ್ತಿ ಜಾಲ, ಲ್ಯಾನ್‌ಗೆ ಸ್ಥಳೀಯ ಜಾಲ, ಸರ್ವರ್‌ಗೆ ಪರಿಚಾರಕ ಗಣಕ, ಸ್ಟೋರೇಜಿಗೆ ಶೇಖರಣೆ. ಸ್ಯಾನ್‌ಗೆ ಶೇಖರಣಾ ಜಾಲ ಎನ್ನಬಹುದು. ಬಳಸುತ್ತಾ ಹೋದರೆ ರೂಢಿಯಾಗುತ್ತದೆ. "ಅಂತರ್ಜಾಲ" ಕೂಡ ಮೊದಲು ಕಿವಿಗೆ ಹೊಸದೇ ಆಗಿತ್ತು.

ಕೋಟೆ ಬಳ್ಳಾರಿ
ಮೇಷ್ಟ್ರೇ, ರಾತ್ರಿ ಎರಡು ಗಂಟೆಗೆ ಲಿಂಕ್ ಹೋದಾಗ ನಮ್ಮ ಲೈನ್‌ಮನ್‌ಗೆ "ವಿಶಾಲ ವ್ಯಾಪ್ತಿ ಜಾಲ ಕಡಿತಗೊಂಡಿದೆ" ಅಂದ್ರೆ ಅವನು ಯಾವ ಕಂಬ ಹತ್ತಬೇಕು ಹೇಳಿ? ಪದ ಇರೋದು ಕೆಲಸಕ್ಕೆ. ಡಿಸ್ಕ್, ಸ್ಲಾಟ್, ಸರ್ವರ್, ಲೈನ್ ಎಲ್ಲಾ ಕನ್ನಡನೇ ಆಗಿ ಕೂತಿದಾವೆ.

ಸೇವಾ ಕೇಂದ್ರ ಸಿಂಧನೂರು
"ಸರ್ವರ್" ಕನ್ನಡ ಆಗ್ಯಾದ ಖರೆ, ಆದ್ರ ತಪ್ಪು ಅರ್ಥದಾಗ ಆಗ್ಯಾದ. ಪಹಣಿ ಕೇಳಾಕ ಬಂದವರಿಗೆ ಎಲ್ಲಾ ಕಡೆ ಒಂದೇ ಮಾತು: "ಸರ್ವರ್ ಇಲ್ಲ, ನಾಳೆ ಬರ್ರಿ." ನಾನೂ ವರ್ಷಗಟ್ಟಲೆ ಅದನ್ನೇ ಹೇಳೀನಿ. ಅಲ್ಲಿ ಸರ್ವರು ಆರಾಮ ಇರ್ತದ, ಇಲ್ಲಿ ಕಾಲುವೆ ಪಕ್ಕದಾಗ ಯಾರೋ ಮಣ್ಣು ಅಗೆದು ಕೇಬಲ್ ಹರಿದಿರ್ತಾರ.

ಈಗ ನಾನು ಮೂರು ಮಾತು ಬೇರೆ ಮಾಡೀನಿ. ಯಾವ ಸೈಟೂ ತೆರೀಲಿಲ್ಲಂದ್ರ "ನಮ್ಮ ಲೈನ್ ಹೋಗ್ಯಾದ". ಬೇರೆ ಸೈಟು ತೆರೆದು ಇದೊಂದೇ ತೆರೀಲಿಲ್ಲಂದ್ರ "ಅಲ್ಲಿ ಸರ್ವರ್ ಉತ್ತರ ಕೊಡವಲ್ದು". ತೆರೆದು ತಿರುಗಕೋಂತ ಕುಂತ್ರ "ತಡ ಆಗಕತ್ಯಾದ". ಮೊದಲನೇದಾದ್ರ ಒಂದು ತಾಸು ಕಾಯ್ರಿ ಅಂತೀನಿ, ಎರಡನೇದಾದ್ರ ನಾಳೆ ಬರ್ರಿ ಅಂತೀನಿ. ತುರ್ವಿಹಾಳದಿಂದ ಬಸ್ ಚಾರ್ಜ್ ಕೊಟ್ಟು ಬಂದ ಮುದುಕಗ ಈ ಫರಕು ಭಾಳ ದೊಡ್ಡದು.

ರಾಯಚೂರು ಸಿಸ್ಟಮ್
ಇದನ್ನ ಹಾಳಿಯಾಗ ಇದ್ದಂಗೇ ಹಾಕ್ತೀನಿ ಅಣ್ಣಾ.

ಕುಷ್ಟಗಿಯಾಕಿ
ನಾನು ಬೆಂಗಳೂರಾಗ ಸ್ಟೋರೇಜ್ ಅಡ್ಮಿನ್ ಅದೀನಿ, ಹನ್ನೊಂದು ವರ್ಷ ಆತು. ಮೊದಲ ಡಿಸ್ಕಿನ ಮಾತು ಮುಗಸೂಣು. ಫೋನಿನ್ಯಾಗ "ಎರಡನೇದು, ಮೂರನೇದು" ಅನ್ನೂದನ್ನ ಇವತ್ತಿಂದಲೇ ಬಿಟ್ಟಬಿಡ್ರಿ. ಪ್ರತಿ ಸ್ಲಾಟಿನ ಮ್ಯಾಲೆ 0, 1, 2, 3 ಅಂತ ಚೀಟಿ ಹಚ್ರಿ, ಡಿಸ್ಕಿನ ಸೀರಿಯಲ್ ನಂಬರಿನ ಕಡೀ ನಾಲ್ಕು ಅಂಕಿ ಬರೀರಿ. ಎಳಿಯೂಕಿಂತ ಮೊದಲ ಹುಡುಗ ಆ ನಾಲ್ಕು ಅಂಕಿ ಓದಿ ಹೇಳಬೇಕು, ನೀವು ಹೂಂ ಅನ್ನಬೇಕು. ಕಂಟ್ರೋಲರಿನ್ಯಾಗ ಲೊಕೇಟ್ ಅಂತ ಇರತೈತಿ, ಅದನ್ನ ಒತ್ತಿದ್ರ ಆ ಡಿಸ್ಕಿನ ದೀಪ ಒಂದೇ ಸಮ ಮಿಣುಕತೈತಿ. ಮಿಣುಕೂದನ್ನಷ್ಟೇ ಮುಟ್ಟು ಅನ್ರಿ.

ಇನ್ನೊಂದು, ನಿಮ್ಮ ಹಾಳಿಯಾಗ ದೊಡ್ಡ ಅಕ್ಷರದಾಗ ಬರೀರಿ: ರೈಡ್ ಬ್ಯಾಕಪ್ ಅಲ್ಲ. ಡಿಸ್ಕು ಕೆಟ್ರ ಕೆಲಸ ನಿಲ್ಲಬಾರದು ಅಂತ ರೈಡ್ ಇರೂದು. ಯಾರೋ ತಪ್ಪಿ ಡೇಟಾ ಅಳಿಸಿದ್ರ ರೈಡು ಎಲ್ಲಾ ಡಿಸ್ಕಿನ ಮ್ಯಾಲೂ ಅಷ್ಟೇ ನಿಷ್ಠಿಲೆ ಅಳಸತೈತಿ.

ಮಸ್ಕಿ ಹುಡುಗ
ರೈಡ್ ಅಂದ್ರೆ ರಿಡಂಡೆಂಟ್ ಅರೇ ಆಫ್ ಇಂಡಿಪೆಂಡೆಂಟ್ ಡಿಸ್ಕ್ಸ್ ಅಂತ ಓದಿದೀನಿ. ಅದಕ್ಕೆ ಕನ್ನಡ "ಸ್ವತಂತ್ರ ಡಿಸ್ಕುಗಳ ಸಾಲು" ಆಗ್ಬಹುದಾ?

ಪಾಲಿಟೆಕ್ನಿಕ್ ಮೇಷ್ಟ್ರು
ಮೊದಲು ಅದು "ಇಂಡಿಪೆಂಡೆಂಟ್" ಆಗಿರಲಿಲ್ಲ ತಮ್ಮಾ, "ಇನೆಕ್ಸ್‌ಪೆನ್ಸಿವ್" ಆಗಿತ್ತು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಪ್ರಕಟಿಸಿದ ಪ್ರಬಂಧದ ವಾದವೇ ಅದು: ದೊಡ್ಡ ಗಣಕಗಳ ಒಂದು ದುಬಾರಿ ಡಿಸ್ಕಿನ ಬದಲು ಅಗ್ಗದ ಸಣ್ಣ ಡಿಸ್ಕುಗಳನ್ನು ಜೋಡಿಸಿ ಕೆಲಸ ತೆಗೆಯಬಹುದು. ಆಮೇಲೆ ಉದ್ಯಮ ಆ ಪದವನ್ನು ಬದಲಿಸಿಕೊಂಡಿತು. ಮುಖ್ಯವಾದ ಪದ "ರಿಡಂಡೆಂಟ್". ಅದಕ್ಕೆ ಕನ್ನಡ ಹುಡುಕೋಣ. "ಅಧಿಕ", "ಹೆಚ್ಚುವರಿ" ಎಂದರೆ ಬೇಡದ್ದು ಎಂಬ ಅರ್ಥ ಬರುತ್ತದೆ.

ಜೀನ್ಸ್ ಓಣಿ
ಸ್ಟೆಪ್ನಿ.

ಕೋಟೆ ಬಳ್ಳಾರಿ
ಸೂಪರ್. ಲಾರಿ ಓಡಿಸೋರಿಂದ ಮ್ಯಾನೇಜರ್ ತನಕ ಎಲ್ಲರಿಗೂ ಗೊತ್ತು.

ಕುಷ್ಟಗಿಯಾಕಿ
ಅರ್ಧ ಸರಿ. ಸ್ಟೆಪ್ನಿ ಅಂದ್ರ ಗಾಡಿ ನಿಲ್ಲಿಸಿ, ಜಾಕ್ ಹಚ್ಚಿ, ಕೈಲೆ ಬದಲಿಸೂದು. ಅದು ಕಪಾಟಿನ್ಯಾಗ ಇಟ್ಟ ಬದಲಿ ಡಿಸ್ಕು. ಹಾಟ್ ಸ್ಪೇರ್ ಹಂಗಲ್ಲ, ಪೆಟ್ಟಿಗಿಯೊಳಗ ಹಾಕೇ ಇಟ್ಟಿರತಾರ, ಒಂದು ಕೆಟ್ಟ ಕೂಡ್ಲೆ ತಾನಾಗೇ ಕೆಲಸಕ್ಕ ನಿಂತಕೊಂತೈತಿ. ಲಾರಿಯ ಹಿಂದಿನ ಜೋಡಿ ಗಾಲಿ ನೋಡ್ರಿ, ಒಂದು ಪಂಕ್ಚರ್ ಆದ್ರ ಇನ್ನೊಂದರ ಮ್ಯಾಲೆ ಹೆಂಗೋ ಊರು ಮುಟ್ಟತೈತಿ. ಅದು ರೈಡ್. ಮೂರೂ ಬ್ಯಾರೆ ಬ್ಯಾರೆ. ಹಾಳಿಯಾಗ "ಜೋಡಿ ಗಾಲಿ", "ತಾನಾಗೇ ನಿಲ್ಲೂ ಬದಲಿ", "ಸ್ಟೆಪ್ನಿ" ಅಂತ ಬರದ್ರ ಯಾರಿಗೂ ತಪ್ಪಂಗಿಲ್ಲ.

ಗಂಗಾವತಿ ರೈಸ್ ಮಿಲ್
ಸ್ಟೆಪ್ನಿ ಮಾತು ಬಂತು ಅಂತ ಹೇಳ್ತೀನಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟ್ ಚೈನ್ ಹರದು ಕೊಚ್ಚಿ ಹೋತು. 33 ಗೇಟಿನ್ಯಾಗ ಒಂದು. ನೀರು ನದಿಗೆ ಹರದು ಹೋಗೂದನ್ನ ನೋಡಕೋಂತ ನಿಂತವರೊಳಗ ನಾನೂ ಒಬ್ಬ. ಒಂದು ವಾರ ನಿದ್ದಿ ಇರಲಿಲ್ಲ ನಮಗ, ಎರಡನೇ ಬೆಳಿ ಹೋತು ಅಂತನ ತಿಳಕೊಂಡಿದ್ವಿ. ಆಮ್ಯಾಲೆ ಸ್ಟಾಪ್‌ಲಾಗ್, ಅಂದ್ರ ಗೇಟಿನ ಜಾಗಕ್ಕ ಅಡ್ಡ ಹಾಕೂ ತುಂಡು, ಇಳಿಸಿ ಬಂದ್ ಮಾಡಿದ್ರು. ಅಲ್ಲಿತನಕ ಸ್ಟಾಪ್‌ಲಾಗ್ ಅನ್ನೂ ಶಬ್ದ ನಮ್ಮೂರಾಗ ಯಾರೂ ಕೇಳಿರಲಿಲ್ಲ. ಈಗ ಚಾದಂಗಡ್ಯಾಗ ಸಣ್ಣ ಹುಡುಗ್ರೂ ಅಂತಾವ. ಬೇಕಾದಾಗ ಶಬ್ದ ತಾನ ಬರತೈತಿ, ಮೇಷ್ಟ್ರ ಕೇಳ್ರಿ.

ಪಾಲಿಟೆಕ್ನಿಕ್ ಮೇಷ್ಟ್ರು
ಒಪ್ಪಿದೆ. ಆದರೆ ಅವಘಡ ಆದಮೇಲೆ ಪದ ಬರುವುದಕ್ಕಿಂತ ಮುಂಚೆ ಬಂದರೆ ಒಳ್ಳೆಯದಲ್ಲವೇ? ರಾಯಚೂರಿನವರು ಕೇಳುತ್ತಿರುವುದು ಅದನ್ನೇ.

ಸಿರವಾರ ಟೇಲೆಂಡ್
ಡ್ಯಾಮ್ ಬಂತಲ್ಲ, ನಾನು ಹೇಳೂದು ಸುಲಭ ಆಯ್ತು. ನಮ್ಮ ಭಾಗದಾಗ ಟಿಎಂಸಿ, ಕ್ಯೂಸೆಕ್ ಗೊತ್ತಿಲ್ಲದವರು ಯಾರದಾರ? ಟಿಎಂಸಿ ಅಂದ್ರ ನಿಂತ ನೀರು, ಕ್ಯೂಸೆಕ್ ಅಂದ್ರ ಹರಿಯೋ ನೀರು. ಟಿಬಿ, ಜಿಬಿ ಅಂದ್ರ ನಿಂತ ಡೇಟಾ. ಎಂಬಿಪಿಎಸ್ ಅಂದ್ರ ಹರಿಯೋ ಡೇಟಾ. 11,574 ಕ್ಯೂಸೆಕ್ ಒಂದು ದಿನ ಹರದ್ರ ಒಂದು ಟಿಎಂಸಿ ಅಂತ ನಮ್ಮಪ್ಪ ಬೆರಳ ಮ್ಯಾಲೆ ಲೆಕ್ಕ ಹಾಕ್ತಾನ. ಅದೇ ಲೆಕ್ಕ ಇಲ್ಲಿ ಯಾರೂ ಹಾಕಂಗಿಲ್ಲ.

2 ಟಿಬಿ ಡೇಟಾನ 10 ಎಂಬಿಪಿಎಸ್ ಲೈನಿನ್ಯಾಗ ಬೆಂಗಳೂರಿಗೆ ಕಳಸ್ತೀನಿ ಅಂದ್ರ ಎಷ್ಟು ದಿನ? ಮೊದಲ 8ರಿಂದ ಗುಣಿಸ್ರಿ, ಲೈನು ಬಿಟ್‌ನಾಗ, ಡಿಸ್ಕು ಬೈಟ್‌ನಾಗ. ಹದಿನೆಂಟೂವರೆ ದಿನ! ಲೈನು ಒಂದು ಸೆಕೆಂಡೂ ಬಿಡದಂಗ ತುಂಬಿ ಹರದ್ರ. 100 ಎಂಬಿಪಿಎಸ್ ಆದ್ರೂ 44 ತಾಸು. ಡಿಸ್ಕು ಚೀಲದಾಗ ಹಾಕ್ಕೊಂಡು ರಾತ್ರಿ ಬಸ್ ಹತ್ತಿದ್ರ ಬೆಳಿಗ್ಗೆ ಮೆಜೆಸ್ಟಿಕ್‌ನಾಗ ಇರ್ತೀರಿ.

ಮತ್ತ ಡ್ಯಾಮಿನ ಇನ್ನೊಂದು ಪಾಠ. ತುಂಗಭದ್ರಾ ಕಟ್ಟಿದಾಗ 133 ಟಿಎಂಸಿ ಅಂತಿದ್ರು, ಹೂಳು ತುಂಬಿ ಈಗ 105.788. ಡಿಸ್ಕಿನ ಡಬ್ಬಿ ಮ್ಯಾಲೆ ಬರೆದದ್ದು ಬೇರೆ, ಕೈಗೆ ಸಿಗೋದು ಬೇರೆ.

ಮಸ್ಕಿ ಹುಡುಗ
ಡಿಸ್ಕಲ್ಲಿ ಹೂಳು ಎಲ್ಲಿಂದ ಬಂತಣ್ಣ?

ಕುಷ್ಟಗಿಯಾಕಿ
ಹೂಳಲ್ಲ ತಮ್ಮಾ, ಲೆಕ್ಕದ ಫರಕು. 4 ಟಿಬಿಯ ನಾಲ್ಕು ಡಿಸ್ಕು ಅಂದ್ರ 16. ರೈಡ್ 5ರಾಗ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದ್ರ ಕೆಟ್ಟ ಡಿಸ್ಕಿನ ಡೇಟಾ ತಿರುಗಿ ಕಟ್ಟೂ ಲೆಕ್ಕಕ್ಕ, ಹೋಗತೈತಿ, 12 ಉಳೀತು. ಕಂಪನಿಯವರು 1 ಟಿಬಿ ಅಂದ್ರ ಹತ್ತರ ಲೆಕ್ಕದಾಗ ಒಂದು ಲಕ್ಷ ಕೋಟಿ ಬೈಟ್ ಅಂತಾರ. ವಿಂಡೋಸು 1024ರ ಲೆಕ್ಕದಾಗ ಭಾಗಿಸಿ 10.9 ಅಂತ ತೋರಸತೈತಿ. ಈ ಗೊಂದಲ ಬ್ಯಾಡ ಅಂತ 1998ರಾಗ ಟೆಬಿಬೈಟ್, ಗಿಬಿಬೈಟ್ ಅಂತ ಬ್ಯಾರೆ ಹೆಸರೇ ಇಟ್ರು. ಬಾಯಿಗೆ ಬಂದಿಲ್ಲ, ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಟೆಂಡರಿನ್ಯಾಗ ಮಾತ್ರ "ಬಳಕೆಗೆ ಸಿಗೂ ಜಾಗ ಇಷ್ಟು ಟಿಬಿ" ಅಂತ ಬರಸ್ರಿ, "ಒಟ್ಟು ಟಿಬಿ" ಅಂತ ಬರಸಬ್ಯಾಡ್ರಿ.

ಕೋಟೆ ಬಳ್ಳಾರಿ
ಟೇಲೆಂಡ್ ಅಣ್ಣ, ಬ್ಯಾಂಡ್‌ವಿಡ್ತ್ ಕ್ಯೂಸೆಕ್ ಆಯ್ತು. ಲೇಟೆನ್ಸಿ?

ಸಿರವಾರ ಟೇಲೆಂಡ್
ಡ್ಯಾಮಿರೋ ಮುನಿರಾಬಾದಿನ್ಯಾಗ ಗೇಟ್ ಎತ್ತಿದ ದಿನ ನಮ್ಮ ಹೊಲಕ್ಕ ನೀರು ಬರಂಗಿಲ್ಲ. ಎಡದಂಡೆ ಕಾಲುವೆ 227 ಕಿ.ಮೀ. ನಾವು 69ನೇ ಮೈಲಿನ ಗೇಜ್ ಎಷ್ಟದ ಅಂತ ಕೇಳಿಕೋಂತ ಕುಂದರ್ತೀವಿ. ಆ ಕಾಯೋದೇ ಲೇಟೆನ್ಸಿ. ಕಾಲುವೆ ಎಷ್ಟೇ ಅಗಲ ಮಾಡಿದ್ರೂ ಮುನಿರಾಬಾದು ಸಿರವಾರಕ್ಕ ಹತ್ತಿರ ಬರಂಗಿಲ್ಲ. "ಮುಟ್ಟೋ ಹೊತ್ತು" ಅಂತ ಬರೀರಿ.

ಕೋಟೆ ಬಳ್ಳಾರಿ
"ಮುಟ್ಟೋ ಹೊತ್ತು" ಚೆನ್ನಾಗೈತೆ, ಆದ್ರೆ ಕಾಲುವೆ ಹೋಲಿಕೆ ಎರಡು ಕಡೆ ಮುರಿಯುತ್ತೆ, ಹೇಳ್ಬಿಡ್ತೀನಿ. ಒಂದು, ಕಾಲುವೆ ನೀರು ವಾಪಸ್ ಬರಲ್ಲ. ನೆಟ್‌ವರ್ಕಲ್ಲಿ ಹೋದ ಪ್ರತಿ ಮಾತಿಗೂ "ಮುಟ್ಟಿತು" ಅಂತ ಉತ್ತರ ಬರಬೇಕು. ಅದಕ್ಕೆ ನಾವು ಅಳೆಯೋದು ಹೋಗಿ ಬರೋ ಹೊತ್ತು. ಎರಡು, ಕಾಲುವೆಯಲ್ಲಿ ಸೋರಿದ್ದು ಸೋರಿತು. ಇಲ್ಲಿ ಪ್ಯಾಕೆಟ್ (ಡೇಟಾದ ತುಂಡು) ಕಳೆದುಹೋದ್ರೆ ಟಿಸಿಪಿ ಅನ್ನೋ ಸಾಗಾಣಿಕೆ ನಿಯಮ ಅದನ್ನ ಮತ್ತೆ ಕಳಿಸುತ್ತೆ, ಅದರ ಜೊತೆ ವೇಗಾನೂ ತಗ್ಗಿಸುತ್ತೆ. ಜನ "100 ಎಂಬಿ ಲೈನ್ ಹಾಕ್ಸಿದ್ರೂ ನಿಧಾನ" ಅಂತ ಬೈಯೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಲೆಕ್ಕ ನೋಡಿ. ಗಾಜಿನ ಫೈಬರಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ., ಹೋಗಿ ಬರೋಕೆ 3 ಮಿಲಿಸೆಕೆಂಡ್. ಎಷ್ಟು ದುಡ್ಡು ಸುರಿದ್ರೂ ಅದಕ್ಕಿಂತ ಕಮ್ಮಿ ಆಗಲ್ಲ. ವಿಸ್ಯಾಟ್ ಆದ್ರೆ ಉಪಗ್ರಹ ಇರೋದು 35,786 ಕಿ.ಮೀ. ಮೇಲೆ. ಹತ್ತಿ ಇಳಿಯೋಕೇ 240 ಮಿಲಿಸೆಕೆಂಡ್, ಉತ್ತರ ಬರೋಷ್ಟರಲ್ಲಿ ಅರ್ಧ ಸೆಕೆಂಡ್ ಹೋಯ್ತು. ಬ್ಯಾಂಕಿನ ಒಂದು ಸ್ಕ್ರೀನ್ ತೆರೆಯೋಕೆ ಸರ್ವರ್ ಜೊತೆ 40 ಸಲ ಮಾತಾಡುತ್ತೆ ಅಂದ್ಕೊಳ್ಳಿ. ಫೈಬರಲ್ಲಿ ಕಣ್ಣು ಮಿಟುಕಿಸೋಷ್ಟರಲ್ಲಿ ಬರುತ್ತೆ. ವಿಸ್ಯಾಟಲ್ಲಿ 20 ಸೆಕೆಂಡು. ಕ್ಯಾಷಿಯರ್ ಮುಂದೆ ಸಾಲು ನಿಂತಾಗ ಆ 20 ಸೆಕೆಂಡ್ ಏನು ಅಂತ ನಿಂತವರಿಗೇ ಗೊತ್ತು.

ಜೀನ್ಸ್ ಓಣಿ
ನಮ್ಮ ಯೂನಿಟ್‌ಗೆ ಎರಡು ಕಂಪನಿ ಲೈನ್ ಐತೆ. ಒಂದು ಹೋದಾಗ ಇನ್ನೊಂದೂ ಹೋಗುತ್ತೆ. ಯಾಕೆ?

ಕೋಟೆ ಬಳ್ಳಾರಿ
ಎರಡೂ ಒಂದೇ ಗುಂಡಿಯಲ್ಲಿ ಮಲಗಿರ್ತಾವೆ. ರಸ್ತೆ ಅಗಲ ಮಾಡೋ ಜೆಸಿಬಿಗೆ ಕಂಪನಿ ಹೆಸರು ಕಾಣಲ್ಲ. ಬಿಲ್ ಎರಡು ಬಂದ್ರೆ ಸಾಲದು, ಹಾದಿ ಎರಡು ಇರಬೇಕು. ಒಂದು ರಸ್ತೆ ಕಡೆಯಿಂದ ಬಂದ್ರೆ ಇನ್ನೊಂದು ಹಿಂದಿನ ಓಣಿಯಿಂದ ಬರಲಿ, ಇಲ್ಲಾಂದ್ರೆ ಮೇಲಿಂದ ರೇಡಿಯೋ ಲಿಂಕ್ ಇರಲಿ. ಸೇರೋ ಎಕ್ಸ್‌ಚೇಂಜೂ ಬೇರೆ ಆದ್ರೆ ಇನ್ನೂ ಒಳ್ಳೇದು. ರಾಯಚೂರು ಸರ್, ಹಾಳೆಯಲ್ಲಿ "ಎರಡನೇ ಲೈನ್" ಅಂತ ಬರೀಬೇಡಿ, "ಎರಡನೇ ಹಾದಿ" ಅಂತ ಬರೀರಿ. ಮ್ಯಾನೇಜರ್ ಓದಿದ ಕೂಡಲೇ "ಹಾದಿ ಎಲ್ಲಿಂದ ಎಲ್ಲಿಗೆ?" ಅಂತ ಕೇಳ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ರಾಯಚೂರು ಸಿಸ್ಟಮ್
ನಿನ್ನೆ ಇದನ್ನ ಓದಿ ಹೊರಗ ಹೋಗಿ ನೋಡಿದೆ. ನಮ್ಮವೂ ಎರಡೂ ಒಂದೇ ಕಂಬದ ಮ್ಯಾಲೆ ಬಂದಾವ. ನಾಲ್ಕು ವರ್ಷದಿಂದ ಎರಡಕ್ಕೂ ಬಾಡಿಗಿ ಕಟ್ಟಕತ್ತೀವಿ.

ಮಸ್ಕಿ ಹುಡುಗ
ಎಂಪಿಎಲ್ಎಸ್ ಯಾರಾದ್ರೂ ಹೇಳಿ. ಇಂಟರ್ವ್ಯೂನಲ್ಲಿ ಕೇಳಿದ್ರು, ಬರಲಿಲ್ಲ.

ಕೋಟೆ ಬಳ್ಳಾರಿ
ಟ್ರಾನ್ಸ್‌ಪೋರ್ಟ್ ಆಫೀಸಿನ ಚೀಟಿ. ಹತ್ತಿ ಅಂಡಿಗೆ ಮೇಲೆ ಪೂರ್ತಿ ವಿಳಾಸ ಇರುತ್ತೆ, ಆದ್ರೆ ನಡುವಿನ ಹಮಾಲರು ಅದನ್ನ ಓದಲ್ಲ. ಮೇಲೆ ಅಂಟಿಸಿದ ಸಣ್ಣ ಚೀಟಿ ನೋಡಿ ಯಾವ ಲಾರಿಗೆ ಅಂತ ಎಸೀತಾರೆ, ಮುಂದಿನ ಊರಿನ ಹೊಸ ಚೀಟಿ ಅಂಟಿಸ್ತಾರೆ. ಎಂಪಿಎಲ್ಎಸ್ ರೂಟರ್ ಮಾಡೋದೂ ಅಷ್ಟೇ: ಐಪಿ ವಿಳಾಸ ಹುಡುಕೋ ಬದಲು 20 ಬಿಟ್ಟಿನ ಲೇಬಲ್ ನೋಡಿ ಮುಂದೆ ತಳ್ಳುತ್ತೆ. ಅದರ ರಚನೆಯ ದಾಖಲೆ ಆರ್‌ಎಫ್‌ಸಿ 3031, 2001ರದು. ಒಂದೇ ಕಂಪನಿ ಜಾಲದಲ್ಲಿ ಹತ್ತು ಗಿರಾಕಿಗಳ ಸರಕು ಬೆರಕೆ ಆಗದಂಗೆ ಸಾಗಿಸೋದು ಇದರಿಂದ ಸುಲಭ. ಹಂಗಂತ ಒಳಗಿರೋದನ್ನ ಯಾರೂ ಓದಕ್ಕಾಗಲ್ಲ ಅಂತಲ್ಲ. ಎನ್‌ಕ್ರಿಪ್ಷನ್ ನೀವೇ ಹಾಕ್ಬೇಕು.

ಪಾಲಿಟೆಕ್ನಿಕ್ ಮೇಷ್ಟ್ರು
ನಾಳೆ ತರಗತಿಯಲ್ಲಿ ಈ ಚೀಟಿಯ ಮಾತನ್ನೇ ಹೇಳುತ್ತೇನೆ.

ಗಂಗಾವತಿ ರೈಸ್ ಮಿಲ್
ನ್ಯಾಸ್, ಸ್ಯಾನ್ ಉಳೀತು ನೋಡ್ರಿ. ನಮ್ಮ ಮಿಲ್ಲಿಗೆ ಒಬ್ರು ಬಂದು ನ್ಯಾಸ್ ತಗೊಳ್ರಿ ಅಂದ್ರು, ಮಾರನೇ ದಿನ ಇನ್ನೊಬ್ರು ಸ್ಯಾನ್ ಬೇಕು ಅಂದ್ರು. ಹೆಸರು ತಿರುವಿ ಹಾಕಿದಂಗ ಐತಿ, ರೇಟು ಮಾತ್ರ ಆಕಾಶ ಭೂಮಿ.

ಕುಷ್ಟಗಿಯಾಕಿ
ಅಣ್ಣಾರ, ನಿಮ್ಮ ಗೋದಾಮೇ ತಗೋರಿ. ಗೋದಾಮಿನವ "ಸೋನಾ ಮಸೂರಿ, ಹೋದ ವರ್ಷದ್ದು, 40 ಚೀಲ" ಅಂದ್ರ ತಂದು ಕೊಡತಾನ. ಎಲ್ಲಿ ಇಟ್ಟಾನ ಅನ್ನೂದು ಅವನ ಕೆಲಸ. ಅದು ನ್ಯಾಸ್: ಫೈಲಿನ ಹೆಸರು ಹೇಳತೀರಿ, ಫೈಲು ಬರತೈತಿ. ಸ್ಯಾನ್ ಅಂದ್ರ ಗೋದಾಮಿನ ಬರೀ ಜಾಗ ನಿಮ್ಮ ಹೆಸರಿಗೆ ಬರಕೊಡೂದು. ಒಳಗ ಹೆಂಗ ಸಾಲು ಹಾಕತೀರಿ, ಎಲ್ಲಿ ಏನಿಡತೀರಿ ಅನ್ನೂದು ನಿಮ್ಮ ಸರ್ವರಿನ ಕೆಲಸ. ಆ ಬರಕೊಟ್ಟ ತುಂಡಿಗೇ ಲನ್ ಅನ್ನೂದು.

ಲನ್‌ಗ ನಾನು "ಹಿಸ್ಸಾ" ಅಂತೀನಿ. ಪಹಣಿಯಾಗ ಸರ್ವೆ ನಂಬರ್ ಒಡದು 1, 2 ಅಂತ ಹಿಸ್ಸಾ ಮಾಡತಾರಲ್ಲ, ಹಂಗ. ನನ್ನ ಟೀಮಿನ್ಯಾಗ ಕಲಬುರಗಿಯ ಇಬ್ರು ಅದಾರ, ನಾವು ಮೂರೂ ಮಂದಿ ಹಿಸ್ಸಾ ಅಂತನ ಮಾತಾಡತೀವಿ. ಒಂದೇ ಹಿಸ್ಸಾ ಎರಡು ಸರ್ವರಿಗೆ ಬರಕೊಟ್ಟು, ನಡುವ ಒಪ್ಪಂದ ಮಾಡಸೂ ಕ್ಲಸ್ಟರ್ ಫೈಲ್ ಸಿಸ್ಟಮ್ ಇಲ್ಲಂದ್ರ ಏನಾಗತೈತಿ ಗೊತ್ತೇನ್ರಿ? ಒಂದೇ ಹೊಲಕ್ಕ ಇಬ್ರು ಕೂರಿಗಿ ಹೂಡಿದಂಗ. ಒಬ್ಬ ಬಿತ್ತಿದ್ದನ್ನ ಇನ್ನೊಬ್ಬ ಹರಗತಾನ. ಕೆಲಸಕ್ಕ ಸೇರಿದ ಮೊದಲ ವರ್ಷ ಇದನ್ನ ಕಣ್ಣಾರೆ ಕಂಡೀನಿ. ಆ ರಾತ್ರಿ ಊಟ ಮಾಡಲಿಲ್ಲ.

ನಿಮ್ಮ ಮಿಲ್ಲಿಗೆ ನ್ಯಾಸ್ ಸಾಕು. ಬಿಲ್ಲು, ಫೋಟೋ, ಟ್ಯಾಲಿ ಅಷ್ಟೇ ಇದ್ರ ಸ್ಯಾನಿಗೆ ರೊಕ್ಕ ಹಾಕಬ್ಯಾಡ್ರಿ.

ಗಂಗಾವತಿ ರೈಸ್ ಮಿಲ್
ಅಕ್ಕಾರ, ನಿಮ್ಮ ಉಪಕಾರ ಮರೆಯಂಗಿಲ್ಲ.

ಹಳೇ ಕಿರ್ದಿ
ನಾನು ಕೊಪ್ಪಳದಾಂವ. ಸೊಸೈಟಿಯೊಳಗ ಲೆಕ್ಕ ಬರದು ನಿವೃತ್ತಿ ಆದವ, ಕಂಪ್ಯೂಟರ್ ಕೊನೇ ಆರು ವರ್ಷ ಮಾತ್ರ ಮುಟ್ಟೀನಿ. ಎಲ್ಲಾ ಓದಿದೆ. ಎರಡು ಮಾತು ಹೇಳಬೇಕಂತ ಅನಿಸೇತಿ.

ನೀವು ರೆಪ್ಲಿಕೇಷನ್, ಲಾಗ್ ಅಂತ ಅಂತೀರಲ್ಲ, ಅದು ನಮಗ ಹೊಸಾದಲ್ಲ. ನಾವು ಮೊದಲ ರೋಜ್ ಕಿರ್ದಿ ಬರೀತಿದ್ವಿ, ಆದದ್ದು ಆದಂಗ, ಒಂದರ ಕೆಳಗ ಒಂದು. ಆಮ್ಯಾಲೆ ಖಾತೆವಾರಿ ಲೆಡ್ಜರಿಗೆ ಏರಸೂದು. ಲೆಡ್ಜರ್ ಹರದ್ರೂ, ಮಳಿ ನೀರಿಗೆ ನೆನದ್ರೂ, ಕಿರ್ದಿ ಇದ್ರ ಮತ್ತ ಕಟ್ಟಬಹುದು. ನಮ್ಮ ಹಿರೇ ಗುಮಾಸ್ತರು ಅದಕ್ಕ ಕಿರ್ದಿನ ಲೆಡ್ಜರ್ ಇಟ್ಟ ಕಪಾಟಿನ್ಯಾಗ ಇಡಗೊಡತಿರಲಿಲ್ಲ. ಡೇಟಾಬೇಸಿನ ಲಾಗ್ ಅಂದ್ರ ಇದೇ ಅಂತ ನನ್ನ ಮಗ ಹೇಳಿದ. ಹಂಗಾದ್ರ ಕಿರ್ದಿ ಅಂತ ಬರೀರಿ, ಬ್ಯಾಂಕಿನವರಿಗೆ ಬ್ಯಾರೆ ಅರ್ಥ ಹೇಳೂದು ಬ್ಯಾಡ.

ಎರಡನೇದು, ಈ ಸ್ಟೋರೇಜ್. ನಮ್ಮ ಮನ್ಯಾಗ ಹಗೇವು ಇತ್ತು. ಅಂಗಳದಾಗ ಆಳ ತೋಡಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತತಿದ್ರು. ವರ್ಷಗಟ್ಟಲೆ ಕೆಡತಿರಲಿಲ್ಲ. ಆದ್ರ ದಿನಾ ರೊಟ್ಟಿಗೆ ಯಾರೂ ಹಗೇವು ತೆಗೀತಿರಲಿಲ್ಲ. ತೆಗೆದ್ರೂ ಕೂಡ್ಲೆ ಇಳೀತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಬಾಯಿ ತೆರೆದು ಬಿಟ್ಟು ಕಾಯತಿದ್ರು. ಅವಸರ ಮಾಡಿ ಇಳಿದವರು ಜೀವ ಬಿಟ್ಟಾರ. ದಿನದ ಜೋಳಕ್ಕ ಒಳಗ ಗುಮ್ಮಿ ಇರತಿತ್ತು. ಇವತ್ತಿನ ರೊಟ್ಟಿಗೆ ಅಡಗಿ ಮನ್ಯಾಗ ಡಬ್ಬಿ. ಮೂರಕ್ಕೂ "ಸಂಗ್ರಹ" ಅಂತ ಒಂದೇ ಹೆಸರು ಇಟ್ಟಿದ್ರ ನಮ್ಮವ್ವ ರೊಟ್ಟಿ ಮಾಡತಿರಲಿಲ್ಲ. ನೀವು ಎಲ್ಲಾದಕ್ಕೂ "ಸ್ಟೋರೇಜ್" ಅಂತೀರಿ.

ರಾಯಚೂರು ಸಿಸ್ಟಮ್
ಅಜ್ಜಾರ, ಇದನ್ನ ಮೂರು ಸಲ ಓದಿದೆ. ನಮ್ಮ ಹಿರಿ ಮನಿಯಾಗೂ ಹಗೇವು ಇತ್ತು, ಮುಚ್ಚಿ ಮ್ಯಾಲೆ ಬಚ್ಚಲ ಕಟ್ಯಾರ.

ಕುಷ್ಟಗಿಯಾಕಿ
ಅಜ್ಜಾರಿಗೆ ನಮಸ್ಕಾರ. ನೀವು ಹೇಳಿದ್ದು ಹತ್ತಕ್ಕ ಹತ್ತು ಕೂಡತೈತಿ. ಡಬ್ಬಿ ಅಂದ್ರ ಸರ್ವರಿನೊಳಗಿನ ಫ್ಲಾಶ್. ಗುಮ್ಮಿ ಅಂದ್ರ ತಿರುಗೂ ಡಿಸ್ಕಿನ ಪೆಟ್ಟಿಗಿ. ಹಗೇವು ಅಂದ್ರ ಟೇಪು. ಹೌದು, ಟೇಪ್ ಇನ್ನೂ ಐತಿ, ಎಲ್‌ಟಿಒ 9ರ ಒಂದು ಕಾರ್ಟ್ರಿಜ್ 18 ಟಿಬಿ ಹಿಡೀತೈತಿ. ಡ್ರೈವಿನಿಂದ ತೆಗೆದು ಇಟ್ರ ಯಾವ ವೈರಸ್ಸೂ ಅದನ್ನ ಮುಟ್ಟಂಗಿಲ್ಲ. ತೆಗಿಯಾಕ ಹೊತ್ತು ಹಿಡೀತೈತಿ ಅಷ್ಟೇ.

ಪಾಲಿಟೆಕ್ನಿಕ್ ಮೇಷ್ಟ್ರು
"ಕಣಜ" ಎನ್ನೋಣವೇ ಎಂದು ಬರೆಯಲು ಬಂದಿದ್ದೆ. ಆ ಹೆಸರಿನಲ್ಲಿ ಆಗಲೇ ಕನ್ನಡದ ಜ್ಞಾನಕೋಶವೊಂದಿದೆ. ಹಗೇವು ಓದಿದ ಮೇಲೆ ನನ್ನದನ್ನು ಹಿಂತೆಗೆದುಕೊಂಡೆ. ಆದರೆ ಮೈಸೂರಿನ ಕಡೆಯ ಓದುಗನಿಗೆ ಹಗೇವು, ಗುಮ್ಮಿ ತಿಳಿಯುವುದಿಲ್ಲ. ನಾಡಿಗೆಲ್ಲ ಒಂದು ಪದ ಬೇಕಲ್ಲವೇ?

ಸಿರವಾರ ಟೇಲೆಂಡ್
ಈ ಹಾಳಿ ಹಚ್ಚೋದು ರಾಯಚೂರಿನ ಬಾಗಿಲಿಗೆ ಸರ್. ಮೈಸೂರಿನವರು ತಮ್ಮ ಬಾಗಿಲಿಗೆ ತಮ್ಮದು ಹಚ್ಚಲಿ.

ಪಾಲಿಟೆಕ್ನಿಕ್ ಮೇಷ್ಟ್ರು
ಹಾಗಲ್ಲ, ಪಠ್ಯಪುಸ್ತಕ ಬರೆಯುವಾಗ ನನಗೆ ಒಂದು ಪದ ಬೇಕೇ ಬೇಕು. ಅಲ್ಲಿ "ಶೇಖರಣೆ" ಉಳಿಯಲಿ, ಮೊದಲ ಪುಟದಲ್ಲಿ ಹಗೇವಿನ ಮಾತು ಬರಲಿ. ಇದರಲ್ಲಿ ನಾನು ಸೋಲುವುದಿಲ್ಲ.

ಜೀನ್ಸ್ ಓಣಿ
ಮೇಷ್ಟ್ರು ಹೇಳೋದೂ ಸರಿ ಐತೆ ಬಿಡ್ರಿ.

ರಾಯಚೂರು ಸಿಸ್ಟಮ್
ಈಗ ಎಲ್ಲಾಕ್ಕಿಂತ ದೊಡ್ಡದು, ಬ್ಯಾಕಪ್. "ನಕಲು" ಅಂತ ಬರೀಲಾ?

ಸೇವಾ ಕೇಂದ್ರ ಸಿಂಧನೂರು
ಬ್ಯಾಡ್ರಿ. ತಹಶೀಲ್ ಆಫೀಸಿನ್ಯಾಗ ನಕಲು ಅಂದ್ರ ಸಹಿ ಸಿಕ್ಕಾ ಹಾಕಿದ ಪ್ರತಿ, ಊರಾಗ ನಕಲಿ ಅಂದ್ರ ಖೊಟ್ಟಿ. ಬ್ಯಾಂಕಿನ ಬಾಗಿಲ ಮ್ಯಾಲೆ ಆ ಶಬ್ದ ಬ್ಯಾಡ.

ಮಸ್ಕಿ ಹುಡುಗ
ಡೇಟಾ ಬ್ಯಾಕಪ್, ಬ್ಯಾಟರಿ ಬ್ಯಾಕಪ್ ಅಂತ ಎರಡು ಮಾಡಿದ್ರೆ?

ಕುಷ್ಟಗಿಯಾಕಿ
ಬಾಯಾಗ ಮೊದಲ ಶಬ್ದ ಉದುರಿ ಹೋಗತೈತಿ, ಕಡೀಕ ಬ್ಯಾಕಪ್ ಅಷ್ಟೇ ಉಳೀತೈತಿ. "ಹೊರಗಿಟ್ಟ ಪ್ರತಿ" ಅನ್ರಿ. ಎಲ್ಲೈತಿ ಅನ್ನೂದು ಹೆಸರಿನ್ಯಾಗ ಇದ್ರ, ಅದೇ ಸರ್ವರಿನ ಡಿ ಡ್ರೈವಿನ್ಯಾಗ ಇಟ್ಟು "ಐತಿ" ಅನ್ನಾಕ ಬಾಯಿ ಬರಂಗಿಲ್ಲ. ಯುಪಿಎಸ್ಸಿಗೆ "ಬ್ಯಾಟರಿ ತಾಸು".

ರೆಪ್ಲಿಕೇಷನ್ನಿಗೆ ನಾನು "ಜೊತೀಲೇ ಬರಿಯೂದು" ಅಂತೀನಿ. ಇದು ಎರಡು ಥರ. ಬೆಂಗಳೂರಾಗೂ ಬರೆದಾತು ಅಂತ ಉತ್ತರ ಬಂದ ಮ್ಯಾಲೇ ಇಲ್ಲಿ "ಆತು" ಅನ್ನೂದು ಒಂದು. ರಾಯಚೂರಿಂದ ಸುಮಾರು 400 ಕಿ.ಮೀ., ಬಳ್ಳಾರಿ ಅಣ್ಣಾರ ಲೆಕ್ಕದಾಗ ಪ್ರತಿ ಬರಹಕ್ಕೂ 4 ಮಿಲಿಸೆಕೆಂಡ್ ಕಾಯಬೇಕು, ದಿನದ ಕೊನೀಗೆ ಬಡ್ಡಿ ಲೆಕ್ಕ ಹಾಕೂವಾಗ ಅದು ತಾಸುಗಟ್ಟಲೆ ಆಗತೈತಿ. ಇನ್ನೊಂದು, ಇಲ್ಲಿ ಬರೆದು ಮುಂದ ಹೋಗೂದು, ಹಿಂದಿಂದ ಕಿರ್ದಿ ಕಳಸೂದು. ನಿಮ್ಮಂಥ ಬ್ಯಾಂಕಿಗೆ ಇದು ಸಾಕು. ಆದ್ರ ಎರಡರಾಗ ಯಾವುದೂ ಹೊರಗಿಟ್ಟ ಪ್ರತಿ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲೂ ಅಳೀತೈತಿ.

ಹಳೇ ಕಿರ್ದಿ
ಆ ಪ್ರತಿಯಿಂದ ತಿರುಗಿ ಎಬ್ಬಿಸಿ ನೋಡೀರೇನು? ನಮ್ಮಲ್ಲಿ ವರ್ಷಕ್ಕೊಮ್ಮೆ ಕಿರ್ದಿಯಿಂದ ಒಂದು ಖಾತೆ ಮೊದಲಿಂದ ಕಟ್ಟಿ ತಾಳೆ ನೋಡತಿದ್ವಿ.

ರಾಯಚೂರು ಸಿಸ್ಟಮ್
ಖರೆ ಹೇಳ್ತೀನಿ ಅಜ್ಜಾರ, ಒಮ್ಮೆಯೂ ನೋಡಿಲ್ಲ. ಬರೋ ಭಾನುವಾರ ನೋಡ್ತೀನಿ. ಹಾಳಿಯಾಗ ಆರ್‌ಪಿಒಗೆ "ಎಷ್ಟು ಹೊತ್ತಿನ ಕೆಲಸ ಮತ್ತ ಹೊಡೀಬೇಕಾಗಬಹುದು", ಆರ್‌ಟಿಒಗೆ "ಎಷ್ಟು ತಾಸು ಬಾಗಿಲು ಮುಚ್ಚಿರಬಹುದು" ಅಂತ ಬರದೀನಿ. ಆರ್‌ಟಿಒ ಅಂದ್ರ ಎಲ್ಲರೂ ಲೈಸೆನ್ಸ್ ಆಫೀಸ್ ಅಂತಾರ, ಅದಕ್ಕ ಆ ಅಕ್ಷರ ಬಿಟ್ಟೆ. ಮೊದಲನೇದಕ್ಕ ಒಂದು ದಿನ, ಎರಡನೇದಕ್ಕ 4 ತಾಸು ಅಂತ ಹಾಕೀನಿ.

ಕುಷ್ಟಗಿಯಾಕಿ
ಎಸಿ ಚಾಲೂ ಇಟ್ಟು ಮಾಡ್ರಿ. ಸರ್ವರಿಗೆ ಹೋಗೂ ಗಾಳಿ 27 ಡಿಗ್ರಿ ದಾಟಬಾರದು, ನಿಮ್ಮೂರ ಬಿಸಲು ನನಗ ಗೊತ್ತೈತಿ.

ರಾಯಚೂರು ಸಿಸ್ಟಮ್
ಭಾನುವಾರ ಆಯ್ತು. ಹೊರಗಿಟ್ಟ ಪ್ರತಿಯ ಡಿಸ್ಕು ತಂದು ಬೇರೆ ಸರ್ವರಿಗೆ ಹಚ್ಚಿದೆ. 1.4 ಟಿಬಿ ಇಳೀಲಿಕ್ಕೇ ನಾಲ್ಕು ತಾಸು ಹಿಡೀತು. ಆಮ್ಯಾಲೆ ಡೇಟಾಬೇಸ್ ತಪಾಸಣೆ, ಕಿರ್ದಿ ಏರಸೋದು, ಒಂದು ಶಾಖೆಯಿಂದ ಲಾಗಿನ್ ಮಾಡಿ ಶಿಲ್ಕು ತಾಳೆ ನೋಡೋದು, ಇನ್ನೂ ಮೂರು ತಾಸು. ಶಿಲ್ಕು ಪೈಸಾಕ್ಕ ಪೈಸಾ ಕೂಡ್ತು. ಸ್ಲಾಟಿನ ಚೀಟಿ ಆ ಹುಡುಗನೇ ತನ್ನ ಕೈಲೇ ಹಚ್ಯಾನ, ಸೊನ್ನೆಯಿಂದ. ಹಾಳಿಯಾಗ 4 ತಾಸು ಅಂತ ಇದ್ದದ್ದು ಹೊಡೆದು 7 ಅಂತ ಬರೆದೀನಿ.